ಒತ್ತಕ್ಷರದ ಕಾಲು

ನಡುವೆ ಒಂದು ಸೊನ್ನೆ ಬರಿ ಅಂದರು ಇನಾಯತ್ ಮೇಷ್ಟ್ರು.
ಸೊನ್ನೆಯೊಳಗೆ ವಿಷಯ, ಸುತ್ತ ತೋಚಿದ್ದೆಲ್ಲ.
ಸರಿ ತಪ್ಪು ಆಮೇಲೆ,
ಮೊದಲು ಐವತ್ತು ಆಗಲಿ.

ನನ್ನ ಸೊನ್ನೆಯೊಳಗೆ ಕೂತದ್ದು
ಮಂಡ್ಯ ಬಸ್ ನಿಲ್ದಾಣದ ಮೂರನೇ ಅಂಕಣದ ಫಲಕ:
ತುಕ್ಕು ತಿಂದ ತಗಡು, ನೀಲಿ ಮೇಲೆ ಬಿಳಿ,
ಅದರ ಮೇಲೆ ಕೋಚಿಂಗ್ ಸೆಂಟರಿನ ಚೀಟಿ,
ಅದರ ಮೇಲೆ ಮೂಲವ್ಯಾಧಿಯ ಚೀಟಿ.
ಶುಕ್ರವಾರದೊಳಗೆ ಅದಕ್ಕೊಂದು ಹೊಸ ರೂಪ.

ಬೆಳಗಿನ ಮೈಸೂರು ಪ್ಯಾಸೆಂಜರು
ಎಲಿಯೂರು ದಾಟುವಷ್ಟರಲ್ಲಿ ಹನ್ನೊಂದು.
ಕಬ್ಬಿನ ಜಲ್ಲೆ. ಜಲ್ಲೆಯನ್ನೇ ಮಲಗಿಸಿ ಬಾಣದ ಗುರುತು.
ಮೀಸೆ ಇರುವ ಬಸ್ಸು. ಗೀಚಿ ಹಾಕಿದೆ.
ಬ್ಯಾಡರಹಳ್ಳಿಯಲ್ಲಿ ಸಿಗ್ನಲ್ಲಿಗೆ ರೈಲು ನಿಂತಿತು,
ತಲೆಯೂ ನಿಂತಿತು,
ಮೀಸೆಯ ಬಸ್ಸನ್ನೇ ಮತ್ತೆ ಬರೆದೆ.
ಪಾಂಡವಪುರದಲ್ಲಿ ಹತ್ತಿದವರು ಯಾರೋ
ಹಾಲಿನ ಕ್ಯಾನನ್ನು ನನ್ನ ಹಾಳೆ ಮೇಲಿಟ್ಟರು.
ಎತ್ತಿದರೆ ಇಪ್ಪತ್ತಮೂರರ ಪಕ್ಕ
ದುಂಡಗೆ, ಒದ್ದೆಯಾಗಿ, ಒಂದು ಗುರುತು.
ಅದಕ್ಕೆ ಇಪ್ಪತ್ನಾಲ್ಕು ಎಂದು ನಂಬರು ಕೊಟ್ಟೆ.

ಖಾಲಿ ಜಾಗ ಖಾಲಿಯಲ್ಲ,
ಅದೂ ಕೆಲಸ ಮಾಡುತ್ತಿರುತ್ತದೆ, ಅನ್ನುತ್ತಾರೆ ಮೇಷ್ಟ್ರು.
ನಮ್ಮ ಬೀದಿಯಲ್ಲಿ ಖಾಲಿ ಗೋಡೆ ಅಂದರೆ
'ಇಲ್ಲಿ ಜಾಹೀರಾತು ಅಂಟಿಸಬಾರದು' ಅಂತ
ಗೋಡೆ ತುಂಬ ಬರೆದಿರುವ ಗೋಡೆ.

ಸಾಲು ನೇರವಿರಲಿ ಅಂದದ್ದಕ್ಕೆ ಅಳತೆಪಟ್ಟಿ ಇಟ್ಟೆ.
ಇಂಗ್ಲಿಷ್ ಅಕ್ಷರಗಳು
ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತವು.
ಕನ್ನಡದವು ಕೇಳಲಿಲ್ಲ.
ಗುಡಿಸು ತಲೆ ಮೇಲೆ, ಕೊಂಬು ಪಕ್ಕಕ್ಕೆ,
ಒತ್ತುಗಳಂತೂ ನಾಲೆ ಏರಿಯ ಹುಡುಗರು,
ಎಲ್ಲಿ ಕೂತರೂ ಕಾಲು ಇಳಿಬಿಟ್ಟುಕೊಂಡು.
ಮೇಲಿನ ಸಾಲಿನ ಕಾಲು ಕೆಳಸಾಲಿನ ತಲೆಗೆ ತಾಗಿ
ಹಾಳೆ ತುಂಬ ಜಗಳ.

ಕುಗ್ಗಿಸಿದೆ. ಮಡಚಿದೆ. ಒಳಕ್ಕೆ ತುರುಕಿದೆ.
ರಾತ್ರಿ ಹನ್ನೆರಡಕ್ಕೆ ಐವತ್ತೊಂದನೆಯದು
ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬಂತು.
ಗೆಳೆಯ ದೊಡ್ಡಲಿಂಗು ಅಂದ, ವಿಮಾನ ನಿಲ್ದಾಣದ ಥರ ಇದೆ.
ನಾನದನ್ನು ಹೊಗಳಿಕೆ ಎಂದುಕೊಂಡೆ.

ಮಾರನೆ ದಿನ ಹಳೇ ಫಲಕದ ಕೆಳಗೆ
ಟೇಪು ಹಚ್ಚಿ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು,
ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ.
ಸೊಪ್ಪಿನ ಮಂಕರಿ ಇಳಿಸಿ ಸಣ್ಣತಾಯಮ್ಮ ಬಂದು ನಿಂತರು.
'ಇದ್ಯಾಕ್ ಮಗಾ, ಕಾಲ್ ಮುರ್ದಾಕ್ಬುಟ್ಟಿದ್ದೀಯ?'

ನನಗೆ ತಿಳಿಯಲಿಲ್ಲ. ಅವರು ಬೆರಳಿಟ್ಟು ತೋರಿಸಿದರು,
ಬೆರಳ ತುದಿಯಲ್ಲಿ ಕೀರೆಸೊಪ್ಪಿನ ಹಸಿರು.
'ಮುಂದ್ಲಕ್ಷರ ಎರಡಕ್ಕೂವೆ ಒಂದೇಯ.
ನಡೂಕೆ ಕಾಲ್ ಬಿಟ್ಕಂಡಿದ್ರೆ ಮದ್ದೂರು,
ಕಡೇಲಿ ಬಿಟ್ಕಂಡಿದ್ರೆ ಮಳವಳ್ಳಿ.
ಓದಾಕ್ ಬರ್ದೋರು ಇನ್ನೆಂಗ್ ಹತ್ತದು ಬಸ್ಸ?'

ಮೂವತ್ತು ವರ್ಷ
ಆ ಎರಡು ಕಾಲು ಹಿಡಿದು
ಅವರು ಊರು ಸೇರಿದ್ದರು.
ನನ್ನ ಐವತ್ತೊಂದರಲ್ಲಿ
ಒಂದಕ್ಕೂ ಅದು ಗೊತ್ತಿರಲಿಲ್ಲ,
ಹಾಲಿನ ಕ್ಯಾನಿಗೂ.

ಐವತ್ತೆರಡನೆಯದನ್ನು ಬ್ರಷ್ಷಿನಲ್ಲಿ ಬರೆದೆ.
ಮದ್ದೂರಿನ ದಕ್ಕೆ ಒತ್ತು, ಮಳವಳ್ಳಿಯ ಳಕ್ಕೆ ಒತ್ತು,
ಎರಡನ್ನೂ ನೀಲಿ ದಾಟಿಸಿ, ಅಂಚು ದಾಟಿಸಿ,
ಕೆಳಗಿನ ಬಿಳಿಯೊಳಕ್ಕೆ ಗೇಣುದ್ದ ಇಳಿಬಿಟ್ಟೆ.
ಅಲ್ಲಿಯವರೆಗೆ ಸುಮ್ಮನಿದ್ದ ಖಾಲಿ ಜಾಗಕ್ಕೆ
ಹೊರುವ ಕೆಲಸ ಬಂತು.

ಸಾಲು ತಪ್ಪಿದೆ, ಅಂದರು ಮೇಷ್ಟ್ರು.
ಬಹಳ ಹೊತ್ತು ನೋಡಿದರು.
ನೂರಕ್ಕೆ ಅರವತ್ತೆರಡು.

ಅಂಟಿಸಿದ್ದೆನಲ್ಲ, ಸೋಮವಾರದ ಹೊತ್ತಿಗೆ
ಅದರ ಮೇಲೂ ಕೋಚಿಂಗಿನ ಚೀಟಿ.
ಊರು ಮುಚ್ಚಿಹೋಗಿತ್ತು.
ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು,
ಒಂದು ನಡುವೆ, ಒಂದು ಕಡೆಯಲ್ಲಿ.
ಮಂಕರಿ ಎತ್ತಿಕೊಡು ಅಂದರು ಸಣ್ಣತಾಯಮ್ಮ,
ಎತ್ತಿಕೊಟ್ಟೆ.