ಮೂವತ್ತೊಂದನೇ ಸಾಕ್ಷಿ

ಕಟಕಟೆ ನನ್ನ ಅಂಗಡಿಗಿಂತ ಅಗಲವಾಗಿತ್ತು.
ಅವೆನ್ಯೂ ರಸ್ತೆಯ ಮೆಟ್ಟಿಲ ಕೆಳಗಿನ ಮೂರಡಿಯಲ್ಲಿ
ನಲವತ್ತು ವರ್ಷ ಬಗ್ಗಿ ಕೂತವನಿಗೆ
ನೆಟ್ಟಗೆ ನಿಲ್ಲಿ ಅಂದರು.

ಹೆಸರು? ತುಕೋಜಿರಾವ್ ಜಗತಾಪ್.
ಕಸುಬು? ಗಡಿಯಾರ ರಿಪೇರಿ.
ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ...
ಅಷ್ಟರಲ್ಲಿ ಗುಮಾಸ್ತ ಲಕೋಟೆಯ ಅರಗು ಒಡೆದು
ಮೇಜಿನ ಮೇಲೆ ಸುರಿದ:
ಒಂದು ಹಲ್ಲಿನ ಚಕ್ರ, ಅರ್ಧ ಡಯಲು,
ಒಂಬತ್ತರಿಂದ ಹನ್ನೆರಡರ ತನಕ ಸುಟ್ಟದ್ದು.
ಗುರುತು ಹಿಡಿಯುವಿರಾ?

ಹಿಡಿಯದೆ ಏನು ಸ್ವಾಮಿ,
ಆ ತಿರುಪು ಬಿಚ್ಚಿದ್ದು ಇದೇ ಬೆರಳು.
ಡಿಸೆಂಬರಿನ ಒಂದು ಬುಧವಾರ ಬಂದಿದ್ದ.
ಇಸ್ತ್ರಿ ಅಂಗಿ, ಜೇಬಲ್ಲಿ ಎರಡು ಪೆನ್ನು.
ಅಲಾರಾಂ ಪೀಸು ಬೇಕು, ಗಂಟೆ ಮಾತ್ರ ಬೇಡ ಅಂದ.
ಮನೆಯಲ್ಲಿ ಕೂಸಿದೆಯಾ ಅಂತ ಕೇಳಿದೆ.
ನಕ್ಕ. ನಾನೂ ನಕ್ಕೆ.
ಒಳಗಿನ ಪುಟ್ಟ ಸುತ್ತಿಗೆ ಕಿತ್ತು ಅಂಗೈಲಿಟ್ಟು ತೋರಿಸಿದೆ.
ಕೂಲಿ ಹದಿನೈದು ರೂಪಾಯಿ.
ಚಿಲ್ಲರೆಗೆ ಕಾದು, ಎಣಿಸಿಕೊಂಡು ಹೋದ.

ಶುಕ್ರವಾರ ಕಲಾಸಿಪಾಳ್ಯ, ಹೊಸಕೋಟೆ ಬಸ್ಸು,
ಹಿಂದಿನ ಸೀಟಿನ ಕೆಳಗೆ ಟಿಫಿನ್ ಕ್ಯಾರಿಯರು.
ಸಂಜೆ ಆರೂ ಇಪ್ಪತ್ತು.
ಕಾಕಡದ ಬುಟ್ಟಿ ಸಮೇತ ಮುನಿತಾಯಮ್ಮ.
ಟಿಕೆಟ್ ಹರಿಯುತ್ತಿದ್ದ ಇನಾಯತ್.
ಹತ್ತನೇ ಕ್ಲಾಸಿನ ಶೈನಿ, ಅವಳ ಕೈವಾರ
ಬಸ್ಸಿನ ಚಾವಣಿಗೆ ಚುಚ್ಚಿಕೊಂಡಿತ್ತಂತೆ.
ಮಿಕ್ಕ ನಾಲ್ವರ ಹೆಸರು ಬಾಯಿಗೆ ಬರುವುದಿಲ್ಲ.
ಅದೂ ನನ್ನ ಲೆಕ್ಕಕ್ಕೇ ಬರೆದುಕೊಳ್ಳಿ.

ಯಾಕೆ ಅನ್ನುವುದಕ್ಕೆ ಆರು ವರ್ಷ ಹಿಡಿಯಿತು.
ಪೊಲೀಸರು ಒಂದು ನೋಟ್‌ಬುಕ್ಕು ತಂದರು.
ಅದರ ತುಂಬ ನಾಡು, ನೆತ್ತರು, ಕಳೆ, ಕೀಳು,
ಮುತ್ತು ಪೋಣಿಸಿದ ಹಾಗೆ ಅಕ್ಷರ.
ವಕೀಲರು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ
ಹನ್ನೊಂದು ವರ್ಷ ಕಾಯಂ ಆಗದ ನೌಕರಿ ಅಂದರು.
ಅವನಕ್ಕ ಬಂದು
ಇರುವೆ ಸಾಲು ಕಂಡರೆ ದಾಟಿಕೊಂಡು ನಡೆಯೋನು ಸಾರ್ ಅಂದಳು,
ಮತ್ತೆ ಮಾತು ಹೊರಡಲಿಲ್ಲ.

ನಾನು ನಿಂತ ಗಡಿಯಾರ ಬಿಚ್ಚುವವನು.
ಕಣ್ಣಿಗೆ ಲೂಪು ಸಿಕ್ಕಿಸಿದರೆ ಎಲ್ಲಿ ಕೆಟ್ಟಿದೆ ಕಾಣುತ್ತದೆ:
ಒಂದು ಕೂದಲು, ಒಂದು ಚಿಟಿಕೆ ನಶ್ಯ, ಒಣಗಿದ ಎಣ್ಣೆ.
ಕಟಕಟೆಯಾಚೆ ಕೂತವನನ್ನು ಎಷ್ಟು ದಿಟ್ಟಿಸಿದರೂ
ಚಕ್ರಕ್ಕೆ ಚಕ್ರ ಕೂತಿತ್ತು, ತಿರುಗುತ್ತಿತ್ತು.
ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಶಿಕ್ಷೆಯ ದಿನ ಕರೆಯದಿದ್ದರೂ ಹೋದೆ.
ಹೇಳುವುದೇನಾದರೂ ಇದೆಯೇ ಅಂತ ನ್ಯಾಯಾಧೀಶರು ಕೇಳಿದರೆ
ಗಿರಿಧರ ಲಕ್ಕೂರ ಕನ್ನಡಕ ಒರೆಸಿಕೊಂಡು
ಊರು ಮಲಗಿತ್ತು, ಎಬ್ಬಿಸಿದೆ, ಅಂದ.

ಗಂಟೆ ಕೀಳಿಸಿಕೊಂಡು ಹೋದವನು!

ಹಿಂದಿನ ಬೆಂಚಿನಿಂದ ನಾನು ಏನೋ ಕೂಗಿದೆನಂತೆ,
ಪೇದೆ ಭುಜ ಅದುಮಿ ಕೂರಿಸಿದ.

ಉಸಿರಿರುವ ತನಕ ಪರಪ್ಪನ ಅಗ್ರಹಾರ.
ಮುನಿತಾಯಮ್ಮನ ಮಗ ಕಾರಿಡಾರಿನ ಗೋಡೆಗೆ ಗುದ್ದಿದ,
ನೇಣು ಹಾಕಬೇಕಿತ್ತು, ನೇಣು.
ಇನಾಯತನ ಹೆಂಡತಿ ಶಹತಾಜ್ ಮಾತ್ರ ಮೆಲ್ಲಗೆ
ಅಲ್ಲಿ ಊಟ ಹಾಕ್ತಾರಾ ಅಂತ ಕೇಳಿದಳು.
ಹಾಕ್ತಾರೆ ಅಂದೆ.
ಹೊತ್ತು ಹೊತ್ತಿಗೆ?
ಹೂಂ ಅಂದೆ.
ಸೆರಗು ಬಾಯಿಗೊತ್ತಿಕೊಂಡಳು.
ಇಬ್ಬರಿಗೂ ಕಾಫಿ ತರಿಸಿದೆ, ಆರಿತು.

ಒಂದು ಮಾತು ಕೋರ್ಟಿನಲ್ಲಿ ಹೇಳಲಿಲ್ಲ.
ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.
ಆ ಬುಧವಾರವೇ ಅವನು
ಕೈಯಲ್ಲಿದ್ದ ವಾಚು ಬಿಚ್ಚಿ ಕೊಟ್ಟಿದ್ದ,
ಜಾಲಹಳ್ಳಿ ಫ್ಯಾಕ್ಟರಿಯದು, ಕೀಲಿ ಕೊಡುವಂಥದ್ದು.
ಅಪ್ಪನದು, ಹುಷಾರು.
ಶನಿವಾರ ಬಂದು ಒಯ್ಯುತ್ತೇನೆ.

ಅಂದರೆ ಅವನ ಹತ್ತಿರ ಒಂದು ಶನಿವಾರವಿತ್ತು,
ಏಳು ಜನರ ಹತ್ತಿರ ಇಲ್ಲದ್ದು.

ಡ್ರಾಯರಿನ ತಳದಲ್ಲಿ ಇನ್ನೂ ಇದೆ.
ಬಿಚ್ಚಿಲ್ಲ, ಕೀಲಿ ಕೊಟ್ಟಿಲ್ಲ, ಎಸೆದೂ ಇಲ್ಲ.
ಪಟ್ಟಿಗೆ ಕಟ್ಟಿದ ಚೀಟಿಯಲ್ಲಿ ನನ್ನದೇ ಕೈಬರಹ:
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ.