ತೀರಿದ್ದು

ಗೋಪಿ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯ ಮೇಲೆ
ಸಂಜೆ ಏಳಕ್ಕೆ ಲವೀನಾ ಮೇಡಂ ಕ್ಲಾಸು.
ನಾನು ಪಿಗ್ಮಿ ವಸೂಲಿಯವನು,
ಐವತ್ತೆರಡಕ್ಕೆ ಇಂಗ್ಲಿಷಿಗೆ ಬಿದ್ದವನು.
ಸೊಸೈಟಿಯ ಹೊಸ ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವಂತೆ.

‘ಪೇ’ ಅಂದರೆ ಕೊಡು. ಸರಿ.
ಬಾಲ ಹಚ್ಚಿದರೆ ಅದೇ ಬೇರೆ ಪ್ರಾಣಿ, ಅಂದರು ಮೇಡಂ.
ಪೇ ಬ್ಯಾಕ್: ಇಸಿದುಕೊಂಡದ್ದನ್ನು ತಿರುಗಿ ಕೊಡು.
ಪೇ ಅಪ್: ಮುಖ ಗಂಟಿಕ್ಕಿಕೊಂಡಾದರೂ ಕೊಡು.
ಪೇ ಆಫ್: ಪೂರ್ತಿ ತೀರಿಸು, ಪೈಸೆ ಉಳಿಸದೆ.
‘ಆಫ್’ ಯಾಕೆ, ಕೇಳಿದೆ.
ಅವರು ಗೋಡೆಯ ಗುಂಡಿ ಒತ್ತಿದರು.
ಫ್ಯಾನು ನಾಲ್ಕು ಸುತ್ತು ತಡವರಿಸಿ
ನಿಂತಿತು.
ಹಾಗೆ, ಅಂದರು.

ಮರುವಾರ ಬೀಗದ ದಸ್ತಗೀರ್ ಸಾಬರು ತೀರಿಕೊಂಡರು.
ಸಾಲ ಬಾಕಿ ನಾಲ್ಕು ಸಾವಿರದ ಇನ್ನೂರು.
ಷರಾ ಕಾಲಮ್ಮಿನಲ್ಲಿ ಹೊಸ ಮಾತು ಬರೆದೆ, ದುಂಡಗೆ:
ಪೇಯ್ಡ್ ಆಫ್.
ತೀರಿದರಲ್ಲ!

ಮ್ಯಾನೇಜರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
‘ಹಾಲೇಶಪ್ಪ, ತೀರಿದ್ದು ಮನುಷ್ಯ ಕಣ್ರೀ, ಸಾಲ ಅಲ್ಲ.’
ಇಡೀ ಆಫೀಸು ನಕ್ಕಿತು. ನಾನೂ ನಕ್ಕೆ.
ಮೆಟ್ಟಿಲಿಳಿಯುವಾಗ ನಗು ನಿಂತಿತ್ತು.

ಅಂಗಡಿ ಮತ್ತೆ ತೆರೆಯಿತು.
ಮಗಳು ನಸ್ರೀನ್ ಅರ ಹಿಡಿದು ಕೂತಳು,
ಅಪ್ಪನ ಕೀಲಿಗೊಂಚಲು ಹಾಗೇ ಮೊಳೆಗೆ.
ದಿನಕ್ಕೆ ಅರವತ್ತರಂತೆ ಎಪ್ಪತ್ತು ದಿನ ಕಟ್ಟಿದಳು,
ಆಯುಧಪೂಜೆಯ ದಿನವೂ.

ಕೊನೆಯ ಚೀಟಿ ಹರಿದು ಕೊಟ್ಟು
‘ಪೇ ಆಫ್ ಆಯ್ತಮ್ಮ’ ಅಂದೆ.
‘ಹಂಗಂದ್ರೆ?’
ತೋರಿಸಲು ಅಲ್ಲಿ ಫ್ಯಾನಿಲ್ಲ, ಗುಂಡಿಯಿಲ್ಲ.
ಎದುರು ಫುಟ್‌ಪಾತಿನಲ್ಲಿ ಸೇವಂತಿಗೆ ಬುಟ್ಟಿಯವಳೊಬ್ಬಳು
ದಾರಿಹೋಕನನ್ನು ಕರೆದು, ಒಂದು ಕೈ ಹಾಕಣ್ಣ ಅಂತ,
ತಲೆಹೊರೆ ಇಳಿಸಿಕೊಳ್ಳುತ್ತಿದ್ದಳು.
ಅದು, ಅಂದೆ.
ನಸ್ರೀನ್ ನೋಡಿದಳು.
ಕತ್ತನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿಸಿದಳು.

ನನ್ನದೂ ಒಂದಿತ್ತು.
ಮೂರು ವರ್ಷದ ಹಿಂದೆ ರಾತ್ರಿ ಹನ್ನೊಂದಕ್ಕೆ
ಸೀಗೆಹಟ್ಟಿಯವರೆಗೆ ಸೈಕಲ್ ತುಳಿದು ಬಂದು
ಬೀಡಿ ಕಚ್ಚಿಕೊಂಡೇ ನನ್ನ ಮನೆಯ ಬೀಗ ತೆಗೆದಿದ್ದರು ಸಾಬರು.
ಚಿಲ್ಲರೆ ಇರಲಿಲ್ಲ.
‘ನಾಳೆ ಸಿಗ್ತೀಯಲ್ಲ ಮಾರಾಯ!’
ಸಿಕ್ಕಿದೆ, ದಿನಾ ಸಿಕ್ಕಿದೆ,
ಈಸಿಕೊಳ್ಳಲು.

ಮೂವತ್ತು ರೂಪಾಯಿ ಚಾಚಿದೆ.
ಅವಳು ಅರದ ಮೇಲಿನ ಕಣ್ಣು ಎತ್ತಲಿಲ್ಲ:
‘ಅದು ಅಬ್ಬಾನ ಲೆಕ್ಕ. ಅವ್ರಿಗೇ ಕೊಡಿ.’

ಮೂರು ನೋಟು ಬೇರೆ ಜೇಬಿನಲ್ಲಿವೆ, ಮಡಿಕೆ ಸವೆಯುತ್ತಿದೆ.
ಲವೀನಾ ಮೇಡಂ,
ಇದಕ್ಕೆ ಹಚ್ಚುವುದು ಯಾವ ಬಾಲ?