ಅಂಗೈಗೆ ಕೇಳಿದ್ದು

ಅಕ್ಕಲಕೋಟ ರಸ್ತೆಯ ಕಾರಖಾನ್ಯಾಗ
ಮೂವತ್ತೊಂದು ವರ್ಷ ಮಗ್ಗ ರಿಪೇರಿ ಮಾಡಿದೆ.
ಕಿವಿ ಅಲ್ಲೇ ಬಿಟ್ಟು ಬಂದೀನಿ.
ಪಗಾರದಾಗ ಅದರ ಲೆಕ್ಕ ಹಿಡೀಲಿಲ್ಲ ಯಾರೂ.

ಅಂಗೈ ಉಳದದ.
ಚೌಕಟ್ಟಿನ ಮ್ಯಾಲ ಇಟ್ಟರ ಸಾಕಿತ್ತು,
ಯಾವ ಹಲ್ಲು ಸವದದ, ಯಾವ ಬೋಲ್ಟು ಸಡಲ್ಯದ,
ಹೇಳತಿತ್ತು.

ಬೆಕ್ಕಿನ ಹೆಸರು ಲಾಳಿ.
ಮರಿ ಇದ್ದಾಗ ಪಡಸಾಲಿಯಿಂದ ಅಡಗಿಮನಿ,
ಅಡಗಿಮನಿಯಿಂದ ಪಡಸಾಲಿ
ಒಂದ ಸಮ ಓಡತಿತ್ತು, ಅದಕ್ಕ.
ಅದರ ದನಿ ನಾ ಒಮ್ಮೆಯೂ ಕೇಳಿಲ್ಲ.
ಬಾಯಿ ತಗದು ಮುಚ್ಚೋದು ನೋಡೀನಿ,
ಮಗ್ಗದ ಗದ್ದಲದಾಗ ಆಚೆ ಸಾಲಿನವ
ಚಹಾ ಬಂತು ಅಂದ ಹಂಗ.

ಹಿಂಗಾಗಿ ನಾವಿಬ್ಬರೂ ಮೈಯಿಂದನ ಮಾತಾಡತೀವಿ.
ಬಾಲ ನೆಟ್ಟಗ ನಿಲ್ಲಿಸಿ, ತುದಿ ಕೊಕ್ಕಿ ಮಾಡಿ ಬಂದರ
ಬೀಗರಿಗೆ ಕೈ ಮುಗದ ಹಂಗ.
ಅದ ಬಾಲ ನೆಲಕ್ಕ ಬಡದರ,
ಸಾಕು, ಕೈ ತಗಿ.
ಹೊಟ್ಟಿ ತೋರಿಸಿ ಮಲಗಿದ್ದು ಮುಟ್ಟು ಅಂತಲ್ಲ,
ನಿನ್ನ ಮುಂದ ಅಂಜಿಕಿಲ್ಲ ಅಂತ, ಅಷ್ಟ;
ಇದು ತಿಳಿಯೋತನಕ ನನ್ನ ಮುಂಗೈ ತುಂಬ ಗೆರಿ.
ಅದು ನಿಧಾನಕ ಕಣ್ಣು ಮುಚ್ಚಿ ತಗದರ
ನಾನೂ ಮುಚ್ಚಿ ತಗೀತೀನಿ.
ಸುಗಲಾ ನಗತಾಳ:
ಇಬ್ಬರು ಮುದುಕರದು ತೂಕಡಿಕಿ ಜುಗಲಬಂದಿ.

ಆ ಮೇ ತಿಂಗಳು, ಪತ್ರಾ ಕಾದು ಕೆಂಡ.
ಲಾಳಿ ಉಸುಕಿನ ಡಬ್ಬ್ಯಾಗ ಕೂತಿತು, ಎದ್ದಿತು,
ಮತ್ತ ಕೂತಿತು. ಬಚ್ಚಲ ಮೂಲ್ಯಾಗ ಕೂತಿತು.
ಬೆನ್ನು ಬಿಲ್ಲು ಮಾಡಿ, ಹಿಂಗಾಲ ನಡುವ
ನೆಕ್ಕಿಕೊಂಡಿತು, ನೆಕ್ಕಿಕೊಂಡ ಇತ್ತು.
ಹೊಟ್ಟಿ ಕಟ್ಟ್ಯದ ಅಂದೆ ನಾನು,
ಹರಳೆಣ್ಣಿ ಶೀಶೆ ಹುಡುಕಿದೆ.
ತೊಡಿ ಮ್ಯಾಲ ಹಾಕ್ಕೊಂಡರ
ಅಂಗೈ ಕೆಳಗ ಗುರ್ ಗುರ್ ಗುರ್,
ಎಣ್ಣಿ ಉಂಡ ಮೋಟರಿನ ಹಂಗ ಒಂದ ಹದ.
"ನೋಡು, ಖುಷಿಯಾಗ್ಯದ."

ಸುಗಲಾ ಉಸುಕು ಕೆದರಿ ನೋಡಿದಳು.
ಒಣಾ. ನಿನ್ನಿ ಸಂಜಿಯಿಂದ ಒಣಾ.
ನನ್ನ ಕೈಯಾಗಿನ ಶೀಶೆ ಕಸಗೊಂಡು
ಕಾಯಿಪಲ್ಲೆ ಬುಟ್ಟಿಗೆ ಚಾದರ ಹಾಸಿದಳು.

ಹೋಟಗಿ ರಸ್ತೆಯ ದವಾಖಾನಿ.
ಡಾಕ್ಟರ್ ನದಾಫ್ ಬಾಯಿ ಹೊಟ್ಟಿ ಒತ್ತಿ ನೋಡಿ
ಲಿಂಬಿಹಣ್ಣಿನ ಗಾತ್ರ ಬೆರಳಿಲೆ ತೋರಿಸಿದಳು.
ಆಮ್ಯಾಲ ಚೀಟಿ ಹಿಂದ ದೊಡ್ಡ ಅಕ್ಷರ:
"ಗಂಡು ಬೆಕ್ಕು. ಉಚ್ಚಿ ಹಾದಿ ಸಣ್ಣದು, ಹರಳು ಸಿಕ್ಕದ.
ನಾಳೆ ತಂದಿದ್ದರ ಕಷ್ಟಿತ್ತು."
"ಗುರುಗುಡತಿತ್ತಲ್ಲ ಬಾಯಿ?" ಅಂದೆ. ಜೋರಾಗಿರಬೇಕು,
ನಾಯಿ ತಂದವರು ತಿರುಗಿ ನೋಡಿದರು.
ಆಕಿ ಮತ್ತ ಬರದಳು, ಸಾವಕಾಶ:
"ನೋವಿಗೂ ಗುರುಗುಡತಾವ. ತಮಗ ತಾವ ಸಮಾಧಾನ."

ಮೂವತ್ತೊಂದು ವರ್ಷ ಯಂತ್ರದ ಸುಳ್ಳು ಹಿಡದ ಕೈ ಇದು.

ಮೂರು ದಿನ ಕೂದಲೆಳಿಯಂಥ ನಳಿ, ಸಲಾಯಿನ್.
ಬಿಲ್ ಕಟ್ಟಿದ್ದು ಸುಗಲಾನ ಭಿಶಿ ರೊಕ್ಕ.

ಈಗ ಮನಿತುಂಬ ನೀರಿನ ಬಟ್ಟಲ,
ಒಂದು ಹೊಸ್ತಿಲ ಹತ್ತರ, ಒಂದು ಟೀವಿ ಕೆಳಗ,
ಊಟದ ತಾಟಿನಿಂದ ದೂರ ದೂರ.
ಅದು ಕುಡಿಯೋದು ಮಾತ್ರ ಸೋರೋ ನಳದಾಗ.
ಅದೊಂದು ನಾ ರಿಪೇರಿ ಮಾಡಿಲ್ಲ.
ಬರೇ ಒಣಾ ಕಾಳು ಬ್ಯಾಡ ಅಂದಾರ;
ನಮ್ಮ ಒಲಿ ಮ್ಯಾಲ ಕೋಳಿ ನಡಿಯೂದಿಲ್ಲ,
ಬಾಜೂ ಮನಿ ಬಿಲ್ಕಿಸ್ ಉಪ್ಪಿಲ್ಲದ ರಸ ಕುದಿಸಿ
ಗ್ವಾಡಿ ಮ್ಯಾಲಿಂದ ಕೊಡತಾಳ.

ಮುಂಜಾನೆದ್ದು ನಾ ಮೊದಲು ಉಸುಕು ಜರಡಿ ಹಿಡೀತೀನಿ,
ಚಾದರದಾಗ ಕಡದ ಎಳಿ ಹುಡುಕಿದ ಹಂಗ.

ಇವತ್ತು ಭಕ್ರಿ ಬಡಿವಾಗ
ಸುಗಲಾನ ಗಂಟಲ ಅಲುಗತಿತ್ತು.
ಏನೋ ಗುನುಗತಾಳ, ಯಾವಾಗಲೂ.
ಹಾಡು ಅಂತ ತಿಳದಿದ್ದೆ.
ಬೆನ್ನ ಮ್ಯಾಲ ಅಂಗೈ ಇಟ್ಟೆ.
"ಎಲ್ಲಿ ನೋಯತದ?"

ಹಿಟ್ಟಿನ ಕೈ ನಿಂತಿತು.
ಬಹಳ ಹೊತ್ತು ನನ್ನ ನೋಡಿ
ಎಡಗಡೆ ಮಣಕಾಲ ತೋರಿಸಿದಳು.
ಮತ್ತ ಭಕ್ರಿ ತಿರುವಿ,
ನನಗ ಕಾಣೋ ಹಂಗ ತುಟಿ ಅಗಲಿಸಿ:
"ಉಸುಕು ನೋಡಿದಿ?"

ನೋಡೀನಿ.
ಎರಡು ಉಂಡಿ. ದೊಡ್ಡವು.